‘ಅಬೌಟ್’ ಆದ ಮೇಲೆ ‘ದ್ಯಾಟ್’ ಯಾಕೆ ಬರುವುದಿಲ್ಲ?

ಬೋಧನಾಭ್ಯಾಸದ ಪಾಠಗಳ ವೀಕ್ಷಣೆಗೆಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಶಾಲೆಗಳಿಗೆ ಹಲವು ವರ್ಷಗಳಿಂದ ಹೋಗಿ ಬರುತ್ತಿದ್ದೇನೆ. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಷರಾಗಳಲ್ಲಿ ಹೆಚ್ಚಿನವು ನನಗೇ ಮರೆತುಹೋಗಿವೆ. ಒಂದು ಮಾತ್ರ ಮರೆತಿಲ್ಲ. ಅದು ತಪ್ಪು ಷರಾ. ಅದನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ, ಇಂಗ್ಲಿಷ್ ವ್ಯಾಕರಣದ ಪಾಠ. ನಮ್ಮ ಪ್ರಶಿಕ್ಷಣಾರ್ಥಿ ಕಪ್ಪು ಹಲಗೆಯ ಮೇಲೆ ಎರಡು ವಾಕ್ಯ ಬರೆದಿದ್ದರು. ಮೊದಲನೆಯದು, ‘ಐ ಆ್ಯಮ್ ವರೀಡ್ ಅಬೌಟ್ ವಾಟ್ ಹಿ ಸೆಡ್’. ಎರಡನೆಯದು, ‘ಐ ಆ್ಯಮ್ ವರೀಡ್ ಅಬೌಟ್ ದ್ಯಾಟ್ ಹಿ ವಿಲ್ ಫೇಲ್’. ಮೊದಲನೆಯದರ ಮುಂದೆ ಸರಿ ಗುರುತು, ಎರಡನೆಯದರ ಮುಂದೆ ತಪ್ಪು ಗುರುತು. ಆಗ ಮೂರನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ‘ಅವ ಏನಂದ ಅನ್ನೂದರ ಬಗ್ಗೆ’ ಅಂತೀವಿ, ‘ಅವ ಫೇಲ್ ಆಗ್ತಾನ ಅನ್ನೂದರ ಬಗ್ಗೆ’ ಅಂತನೂ ಅಂತೀವಿ. ಎರಡೂ ಒಂದೇ ಥರಾ ಅದಾವ. ಇಂಗ್ಲಿಷ್‌ನಾಗ ಒಂದು ಸರಿ, ಒಂದು ತಪ್ಪು ಯಾಕ್ರಿ?”

ಪ್ರಶಿಕ್ಷಣಾರ್ಥಿ ಒಂದು ಕ್ಷಣ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಕಡೆ ನೋಡಿದರು. ಕನ್ನಡದಲ್ಲಿ ಉತ್ತರ ಕೊಟ್ಟರೆ ಅಂಕ ಹೋಗುತ್ತದೆ ಎಂಬ ಹೆದರಿಕೆ ಅವರ ಮುಖದ ಮೇಲೆ ಕಾಣುತ್ತಿತ್ತು. ‘ದ್ಯಾಟ್ ಈಸ್ ದ ರೂಲ್, ಸಿಟ್ ಡೌನ್’ ಎಂದರು. ಹುಡುಗಿ ಕುಳಿತಳು. ಪಾಠ ಮುಂದುವರಿಯಿತು. ನಾನು ಬರೆದೆ: “ತರಗತಿ ನಿಯಂತ್ರಣ ಉತ್ತಮ. ಮಾತೃಭಾಷೆಯ ಬಳಕೆ ಇಲ್ಲ, ಮೆಚ್ಚತಕ್ಕದ್ದು.”

ಮರಳಿ ಬರುವಾಗ ಬಸ್ಸಿನಲ್ಲಿ ಆ ಪ್ರಶ್ನೆ ನೆನಪಾಯಿತು. ಉತ್ತರ ನನಗೂ ಗೊತ್ತಿಲ್ಲ ಎಂಬುದು ಆಗ ಗೊತ್ತಾಯಿತು. ಆ ದಿನ ಆ ತರಗತಿಯಲ್ಲಿ ವ್ಯಾಕರಣ ಮಾಡಿದವಳು ಅವಳೊಬ್ಬಳೇ. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿರುವ ಸಮತೆ ಇನ್ನೊಂದರಲ್ಲಿ ಯಾಕಿಲ್ಲ ಎಂದು ಕೇಳಿದ್ದಳು. ನಾವಿಬ್ಬರು ಸೇರಿ ಅವಳನ್ನು ಕೂರಿಸಿದೆವು.

ಅವಳ ಪ್ರಶ್ನೆಗೆ ಉತ್ತರ ಇದೆ. ಆ ಉತ್ತರವನ್ನು ಕನ್ನಡದ ಮೂಲಕವೇ ಕೊಡಬೇಕು. ಇದು ನನ್ನ ವಾದ.

ಇಂಗ್ಲಿಷ್ ಏನು ಮಾಡುತ್ತದೆ?

ಪ್ರಿಪೊಸಿಷನ್ ಆದ ಮೇಲೆ ನಾಮಪದವೋ ಸರ್ವನಾಮವೋ ಬರುತ್ತದೆ ಎಂದು ನಾವು ಐದನೆಯ ತರಗತಿಯಿಂದ ಹೇಳಿಕೊಡುತ್ತೇವೆ. ‘ಆನ್ ದ ಟೇಬಲ್’, ‘ವಿತ್ ಹಿಮ್’. ಆದರೆ ಆ ಜಾಗದಲ್ಲಿ ಇಡೀ ಉಪವಾಕ್ಯವೂ ಬರಬಲ್ಲದು. ನಾಮ ಉಪವಾಕ್ಯ ಮಾಡುವ ಕೆಲಸಗಳನ್ನು ಪಟ್ಟಿ ಮಾಡುವಾಗ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಇದನ್ನೂ ಸೇರಿಸಿದೆ. ನಮ್ಮಲ್ಲಿ ಹೆಚ್ಚಿನವರು ಆ ಪಟ್ಟಿಯನ್ನು ಬಾಯಿಪಾಠ ಮಾಡಿದವರೇ. ‘ದ ಪ್ರೈಸ್ ಡಿಪೆಂಡ್ಸ್ ಆನ್ ಹೌ ಮಚ್ ಇಟ್ ರೇನ್ಸ್’ ಎಂಬ ವಾಕ್ಯದಲ್ಲಿ ‘ಹೌ ಮಚ್ ಇಟ್ ರೇನ್ಸ್’ ಎಂಬುದು ಪೂರ್ತಿ ‘ಆನ್’ನ ಕರ್ಮ. ಮಳೆ ಎಷ್ಟಾಗುತ್ತದೆ ಎಂಬುದರ ಮೇಲೆ ದರ ನಿಂತಿದೆ. ತೊಗರಿ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಉಪವಾಕ್ಯಗಳಿಗೂ ಈ ಜಾಗ ಸಿಗುವುದಿಲ್ಲ. ‘ವಾಟ್, ಹೂ, ವೇರ್, ವೆನ್, ವೈ, ಹೌ, ವೆದರ್’ಗಳಿಂದ ಆರಂಭವಾಗುವ ಉಪವಾಕ್ಯ ಪ್ರಿಪೊಸಿಷನ್ನಿನ ಹಿಂದೆ ಸಲೀಸಾಗಿ ಬರುತ್ತದೆ. ‘ದ್ಯಾಟ್’ನಿಂದ ಆರಂಭವಾಗುವುದು ಬರುವುದಿಲ್ಲ. ‘ಇನ್ ದ್ಯಾಟ್’, ‘ಎಕ್ಸೆಪ್ಟ್ ದ್ಯಾಟ್’ನಂಥ ಕೆಲವು ಮಾತ್ರ ಅಪವಾದ. ‘ವೆದರ್’ ಬರುವ ಕಡೆ ‘ಇಫ್’ ಕೂಡ ಬರುವುದಿಲ್ಲ. ‘ಇಟ್ ಡಿಪೆಂಡ್ಸ್ ಆನ್ ವೆದರ್ ಹಿ ಕಮ್ಸ್’ ಸರಿ, ಅಲ್ಲಿ ‘ಇಫ್’ ಹಾಕಿದರೆ ತಪ್ಪು.

ಮಕ್ಕಳನ್ನು ಗೊಂದಲಕ್ಕೆ ತಳ್ಳುವ ಇನ್ನೊಂದು ಸಂಗತಿಯಿದೆ. ‘ಐ ಆ್ಯಮ್ ವರೀಡ್ ಅಬೌಟ್ ದ್ಯಾಟ್’ ಎಂಬಲ್ಲಿಗೆ ನಿಲ್ಲಿಸಿದರೆ ವಾಕ್ಯ ಸರಿ. ಅಲ್ಲಿ ‘ದ್ಯಾಟ್’ ಎಂದರೆ ‘ಅದು’, ಸರ್ವನಾಮ. ಅದರ ಮುಂದೆ ಉಪವಾಕ್ಯ ಬಂದ ಕೂಡಲೇ ಅದೇ ಪದ ಜೋಡಿಸುವ ಪದವಾಗುತ್ತದೆ, ವಾಕ್ಯ ಕೆಡುತ್ತದೆ. ಕೇಳಿಸುವ ಪದ ಒಂದೇ, ಮಾಡುವ ಕೆಲಸ ಬೇರೆ. ‘ರೂಲ್’ ಎಂದು ಹೇಳಿ ಮುಗಿಸಿದರೆ ಮಗುವಿಗೆ ಇದು ಹೇಗೆ ತಿಳಿದೀತು?

ಕನ್ನಡ ಏನು ಮಾಡುತ್ತದೆ?

ಕನ್ನಡದಲ್ಲಿ ಈ ಕೆಲಸ ಮಾಡುವ ಪದ ‘ಎಂಬುದು’. ನಮ್ಮ ಕಡೆಯ ಮಾತಿನಲ್ಲಿ ‘ಅನ್ನೂದು’. ಇದು ‘ಎನ್ನು’ ಎಂಬ ಕ್ರಿಯೆಯಿಂದ ಬಂದದ್ದು. ಯಾವ ವಾಕ್ಯವನ್ನಾದರೂ ತೆಗೆದುಕೊಂಡು ಕೊನೆಗೆ ‘ಎಂಬುದು’ ಸೇರಿಸಿ, ಅದು ನಾಮಪದವಾಗುತ್ತದೆ. ನಾಮಪದವಾದ ಮೇಲೆ ಅದಕ್ಕೆ ವಿಭಕ್ತಿ ಹತ್ತುತ್ತದೆ: ಎಂಬುದನ್ನು, ಎಂಬುದರಿಂದ, ಎಂಬುದಕ್ಕೆ, ಎಂಬುದರಲ್ಲಿ. ‘ಎಂಬುದರ’ ಎಂದ ಮೇಲೆ ‘ಬಗ್ಗೆ’, ‘ಮೇಲೆ’, ‘ಜೊತೆ’ ಯಾವುದು ಬೇಕಾದರೂ ಬರುತ್ತದೆ. ಒಳಗಿರುವ ವಾಕ್ಯ ಪ್ರಶ್ನೆಯೋ ಹೇಳಿಕೆಯೋ ಎಂದು ‘ಎಂಬುದು’ ಕೇಳುವುದೇ ಇಲ್ಲ. ‘ಅವನು ಏನು ಹೇಳಿದ ಎಂಬುದರ ಬಗ್ಗೆ’, ‘ಅವನು ಫೇಲಾಗುತ್ತಾನೆ ಎಂಬುದರ ಬಗ್ಗೆ’, ಎರಡಕ್ಕೂ ಒಂದೇ ಕೀಲು.

ಆ ಹುಡುಗಿ ಹೇಳಿದ್ದು ಇದನ್ನೇ. ಅವಳ ಮಾತು ನೂರಕ್ಕೆ ನೂರು ಸರಿ. ‘ಅಬೌಟ್ ದ್ಯಾಟ್ ಹಿ ವಿಲ್ ಫೇಲ್’ ಎಂದು ಬರೆಯುವ ಮಗು ಅಜಾಗರೂಕತೆಯಿಂದ ಬರೆಯುತ್ತಿಲ್ಲ. ‘ಅಬೌಟ್’ ಎಂದರೆ ‘ಬಗ್ಗೆ’, ‘ದ್ಯಾಟ್’ ಎಂದರೆ ‘ಎಂದು, ಎಂಬ’ ಎಂದು ನಾವೇ ಕಲಿಸಿದ್ದೇವೆ. ಮಗು ಎರಡನ್ನೂ ಸೇರಿಸಿ ತನ್ನ ಭಾಷೆಯ ನಿಯಮದಂತೆ ನಡೆದಿದೆ. ಅದರ ಕನ್ನಡ ಗಟ್ಟಿಯಿದೆ ಎಂಬುದಕ್ಕೆ ಈ ತಪ್ಪೇ ಸಾಕ್ಷಿ. ಈ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು ಶಿಕ್ಷಕರು ಇಷ್ಟನ್ನಾದರೂ ಕಾಣಬೇಕು.

ಮೂರು ದಾರಿಗಳು

ತಪ್ಪನ್ನು ತಿದ್ದುವುದಕ್ಕೆ ಇಂಗ್ಲಿಷಿನಲ್ಲಿ ಮೂರು ದಾರಿಗಳಿವೆ. ಆ ಮೂರಕ್ಕೂ ಕನ್ನಡದಲ್ಲಿ ಜೊತೆ ಇದೆ. ಇದನ್ನು ನಾನು ತಡವಾಗಿ ಕಂಡುಕೊಂಡೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯ ದಾರಿ: ಪ್ರಿಪೊಸಿಷನ್ ಬಿಟ್ಟುಬಿಡುವುದು. ‘ಐ ಆ್ಯಮ್ ವರೀಡ್ ದ್ಯಾಟ್ ಮೈ ಬ್ರದರ್ ವಿಲ್ ಫೇಲ್’. ಕನ್ನಡದಲ್ಲಿ ‘ತಮ್ಮ ಫೇಲಾಗುತ್ತಾನೆ ಎಂದು ಚಿಂತೆಯಾಗಿದೆ’. ಇಲ್ಲಿ ‘ಬಗ್ಗೆ’ ಇಲ್ಲ, ‘ಎಂದು’ ಇದೆ. ಮಕ್ಕಳ ಮಾತಿನಲ್ಲಿ ‘ಅಂತ’. ‘ಅಂತ’ ಬಂದರೆ ‘ದ್ಯಾಟ್’ ಸಾಕು, ಪ್ರಿಪೊಸಿಷನ್ ಬೇಡ. ‘ಬರಲೇಬೇಕು ಅಂತ ಹಟ ಹಿಡಿದ’ ಎಂಬುದು ‘ಹಿ ಇನ್ಸಿಸ್ಟೆಡ್ ದ್ಯಾಟ್ ಐ ಕಮ್’ ಆಗುತ್ತದೆ, ‘ಇನ್ಸಿಸ್ಟೆಡ್ ಆನ್ ದ್ಯಾಟ್’ ಆಗುವುದಿಲ್ಲ.

ಎರಡನೆಯ ದಾರಿ: ನಡುವೆ ಒಂದು ನಾಮಪದ ಇಡುವುದು. ‘ವಿ ಟಾಕ್ಡ್ ಅಬೌಟ್ ದ ಫ್ಯಾಕ್ಟ್ ದ್ಯಾಟ್ ದ ವೆಲ್ ಹ್ಯಾಸ್ ಡ್ರೈಡ್ ಅಪ್’. ಕನ್ನಡದಲ್ಲಿ ‘ಬಾವಿ ಬತ್ತಿದೆ ಎಂಬ ವಿಷಯದ ಬಗ್ಗೆ’. ‘ಎಂಬುದರ’ ಬದಲು ‘ಎಂಬ ವಿಷಯದ’ ಎಂದಾಗ ‘ಬಗ್ಗೆ’ ಹತ್ತುವುದು ‘ವಿಷಯ’ಕ್ಕೆ. ಹಾಗೆಯೇ ‘ಅಬೌಟ್’ ಹತ್ತುವುದು ‘ಫ್ಯಾಕ್ಟ್’ಗೆ. ‘ದ್ಯಾಟ್’ ಪ್ರಿಪೊಸಿಷನ್ನಿಗೆ ನೇರವಾಗಿ ಸಿಗಲೇ ಇಲ್ಲ. ಒಂದು ಎಚ್ಚರಿಕೆ ಬೇಕು. ‘ಫ್ಯಾಕ್ಟ್’ ಎಂಬುದು ನಡೆದದ್ದಕ್ಕೆ, ನಿಜವಾದದ್ದಕ್ಕೆ. ತಮ್ಮ ಫೇಲಾದಾನು ಎಂಬ ಅಂಜಿಕೆಗೆ ‘ಫ್ಯಾಕ್ಟ್’ ಒಪ್ಪುವುದಿಲ್ಲ.

ಮೂರನೆಯ ದಾರಿ: ಕ್ರಿಯೆಗೆ ‘ಇಂಗ್’ ಹಚ್ಚುವುದು. ‘ಥ್ಯಾಂಕ್ ಯು ಫಾರ್ ಕಮಿಂಗ್’. ಕನ್ನಡದಲ್ಲಿ ‘ಬಂದದ್ದಕ್ಕೆ’. ಇಲ್ಲಿ ‘ಎಂಬುದು’ ಬೇಕಾಗಿಲ್ಲ, ಕ್ರಿಯೆಯೇ ನಾಮಪದವಾಗಿ ವಿಭಕ್ತಿ ತೆಗೆದುಕೊಂಡಿದೆ. ಕನ್ನಡ ‘ಬರುವುದಕ್ಕೆ’ ಮತ್ತು ‘ಬಂದದ್ದಕ್ಕೆ’ ಎಂದು ಕಾಲವನ್ನು ಬೇರೆ ಮಾಡಿ ತೋರಿಸುತ್ತದೆ, ಇಂಗ್ಲಿಷಿನ ‘ಕಮಿಂಗ್’ ಸಾಮಾನ್ಯವಾಗಿ ಎರಡಕ್ಕೂ ನಡೆಯುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳೇ ಸಂದರ್ಶನದಲ್ಲಿ ‘ಐ ಆ್ಯಮ್ ಇಂಟರೆಸ್ಟೆಡ್ ಇನ್ ಟು ಟೀಚ್’ ಎನ್ನುವುದುಂಟು. ‘ಕಲಿಸಲಿಕ್ಕೆ’ ಎಂಬುದು ಮನಸ್ಸಿನಲ್ಲಿರುವುದರಿಂದ ಹಾಗಾಗುತ್ತದೆ. ‘ಕಲಿಸುವುದರಲ್ಲಿ ಆಸಕ್ತಿ’ ಎಂದು ಮೊದಲು ಕನ್ನಡದಲ್ಲಿ ಬದಲಾಯಿಸಿಕೊಂಡರೆ ‘ಇನ್ ಟೀಚಿಂಗ್’ ತಾನಾಗಿ ಬರುತ್ತದೆ.

ಕಪ್ಪು ಹಲಗೆಯ ಎಡಕ್ಕೆ ‘ಅಂತ’, ‘ಎಂಬ ವಿಷಯದ’, ‘ಬಂದದ್ದಕ್ಕೆ’ ಎಂದು ಮೂರು ಸಾಲು, ಬಲಕ್ಕೆ ಅವುಗಳ ಇಂಗ್ಲಿಷ್ ಜೊತೆ. ಇದಕ್ಕೆ ಹತ್ತು ನಿಮಿಷ ಸಾಕು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಈ ಹತ್ತು ನಿಮಿಷದಲ್ಲಿತ್ತು.

ಇಲ್ಲಿ ಇನ್ನೊಂದು ಮಾತು. ‘ಆಫ್ಟರ್ ದ ಟ್ರೇನ್’, ‘ಆಫ್ಟರ್ ದ ಟ್ರೇನ್ ಲೆಫ್ಟ್’ ಎಂಬಲ್ಲಿ ಮೊದಲನೆಯ ‘ಆಫ್ಟರ್’ ಪ್ರಿಪೊಸಿಷನ್, ಎರಡನೆಯದು ಕಂಜಂಕ್ಷನ್ ಎಂದು ನಾವು ಕಲಿಸುತ್ತೇವೆ. ಎರಡೂ ಒಂದೇ ಪದ, ಒಂದರ ಹಿಂದೆ ನಾಮಪದ ಬಂದಿದೆ, ಇನ್ನೊಂದರ ಹಿಂದೆ ವಾಕ್ಯ ಬಂದಿದೆ ಅಷ್ಟೇ ಎಂಬ ವಾದವನ್ನು ಯೆಸ್ಪರ್ಸನ್ 1924ರಲ್ಲೇ ಮುಂದಿಟ್ಟಿದ್ದರು. 2002ರಲ್ಲಿ ಹೊರಬಂದ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅದೇ ನಿಲುವು ತಳೆದಿದ್ದಾರೆ. ಕನ್ನಡಿಗರಿಗೆ ಇದರಲ್ಲಿ ಹೊಸದೇನಿಲ್ಲ. ‘ಊಟದ ಮೇಲೆ’, ‘ಉಂಡ ಮೇಲೆ’ ಎರಡರಲ್ಲೂ ‘ಮೇಲೆ’ ಒಂದೇ. ವಾಡಿ ಜಂಕ್ಷನ್ನಿನ ಹತ್ತಿರದ ಮಕ್ಕಳಿಗೆ ‘ರೈಲು ಹೋದ ಮೇಲೆ’ ಎಂಬುದನ್ನು ಇಂಗ್ಲಿಷಿಗೆ ತರಲು ಹೇಳಿ ನೋಡಿ, ಅಲ್ಲಿ ಅವರು ‘ದ್ಯಾಟ್’ ತುರುಕುವುದು ಕಡಿಮೆ. ಎರಡು ಭಾಷೆಗಳು ಹೊಂದುವ ಕಡೆ ಪಾಠ ಹಗುರ, ಹೊಂದದ ಕಡೆ ಭಾರ. ಸಮಯವನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ.

ನಾವೇ ಕಲಿಸಿದ ತಪ್ಪು

ಎಲ್ಲ ತಪ್ಪುಗಳನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದು ನಮ್ಮ ಚಾಳಿ. ‘ಐ ಡೋಂಟ್ ನೋ ಅಬೌಟ್ ವೇರ್ ಡಿಡ್ ಹಿ ಗೋ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ‘ವೇರ್ ಹಿ ವೆಂಟ್’ ಆಗಬೇಕಿತ್ತು. ಇದು ಕನ್ನಡದ ಪ್ರಭಾವವೇ? ಕನ್ನಡದಲ್ಲಿ ‘ಅವನು ಎಲ್ಲಿ ಹೋದ?’ ಎಂದು ಕೇಳಿದರೂ, ‘ಅವನು ಎಲ್ಲಿ ಹೋದ ಎಂಬುದು’ ಎಂದು ಹೇಳಿದರೂ ಪದಗಳ ಕ್ರಮ ಬದಲಾಗುವುದಿಲ್ಲ. ಕನ್ನಡವನ್ನೇ ಅನುಸರಿಸಿದ್ದರೆ ಮಗು ‘ಡಿಡ್’ ತರುತ್ತಿರಲಿಲ್ಲ. ಪ್ರಶ್ನೆ ಎಂದರೆ ‘ಡಿಡ್’ ಮುಂದೆ ಬರಬೇಕು ಎಂದು ತಿಂಗಳುಗಟ್ಟಲೆ ತಾಲೀಮು ಕೊಟ್ಟವರು ನಾವು. ಪ್ರಶ್ನೆ ಉಪವಾಕ್ಯವಾದಾಗ ಆ ನಿಯಮ ನಿಂತುಹೋಗುತ್ತದೆ ಎಂದು ಹೇಳಲು ಮರೆತವರೂ ನಾವೇ. ಇಲ್ಲಿ ಕನ್ನಡವೇ ಮಗುವನ್ನು ತಪ್ಪಿನಿಂದ ಕಾಪಾಡಬಹುದಿತ್ತು.

ಹಾಗೆಯೇ ‘ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್’. ‘ಟು’ ಆದ ಮೇಲೆ ‘ಹೂಮ್’ ಬರಬೇಕು ಎಂದು ಕಲಿತ ಪ್ರಶಿಕ್ಷಣಾರ್ಥಿಗಳು ಇದನ್ನು ‘ಹೂಮೆವರ್’ ಎಂದು ತಿದ್ದಿದ್ದನ್ನು ನೋಡಿದ್ದೇನೆ. ‘ಟು’ನ ಕರ್ಮ ಒಂದು ಪದವಲ್ಲ, ‘ಹೂಎವರ್ ಕಮ್ಸ್ ಫಸ್ಟ್’ ಎಂಬ ಇಡೀ ಉಪವಾಕ್ಯ. ಅದರೊಳಗೆ ‘ಹೂಎವರ್’ ಕರ್ತೃ. ಕನ್ನಡದಲ್ಲಿ ‘ಯಾರು ಮೊದಲು ಬರುತ್ತಾರೋ ಅವರಿಗೆ’. ‘ಯಾರು’ ಪ್ರಥಮಾ ವಿಭಕ್ತಿಯಲ್ಲೇ ಉಳಿದಿದೆ, ‘ಗೆ’ ಹತ್ತಿದ್ದು ‘ಅವರಿ’ಗೆ. ‘ಯಾರಿಗೆ ಮೊದಲು ಬರುತ್ತಾರೋ’ ಎಂದು ಯಾರೂ ಹೇಳುವುದಿಲ್ಲ. ಸರಿಯಾದ ವಾಕ್ಯವನ್ನು ತಪ್ಪು ಮಾಡುವುದಕ್ಕಿಂತ ಈ ಒಂದು ಕನ್ನಡ ವಾಕ್ಯವನ್ನು ನೆನೆಯುವುದು ಮೇಲಲ್ಲವೇ?

ಯಾರ ಮಾತೃಭಾಷೆ?

ಈ ವಿಷಯ ಎತ್ತಿದಾಗ ಸಹೋದ್ಯೋಗಿಗಳು ಒಂದು ಆಕ್ಷೇಪ ಹೇಳುತ್ತಾರೆ. ನಮ್ಮ ಭಾಗದ ತರಗತಿಯಲ್ಲಿ ಎಲ್ಲರೂ ಕನ್ನಡದವರಲ್ಲ. ಸೇಡಂ, ಚಿಂಚೋಳಿ ತೆಲಂಗಾಣದ ಗಡಿಯಲ್ಲಿವೆ, ಅಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿದ್ದಾರೆ. ಶಹಾಬಾದ್, ವಾಡಿಯಲ್ಲಿ ದಖ್ಖನಿ ಉರ್ದು ಆಡುವವರಿದ್ದಾರೆ. ತಾಂಡಾಗಳಿಂದ ಲಂಬಾಣಿ ಮಾತಿನ ಮಕ್ಕಳು ಬರುತ್ತಾರೆ. ಯಾರ ಭಾಷೆಯಿಂದ ಆರಂಭಿಸುವುದು?

ಆಕ್ಷೇಪ ಸರಿಯಾದದ್ದೇ. ಆದರೆ ಭಾಷೆಗಳನ್ನು ಹತ್ತಿರದಿಂದ ನೋಡಿದರೆ ದಾರಿ ಕಾಣುತ್ತದೆ. ಕನ್ನಡದ ‘ಎಂಬುದು’ ‘ಎನ್ನು’ವಿನಿಂದ ಬಂದಂತೆ, ತೆಲುಗಿನ ‘ಅನೇದಿ’ ‘ಅನು’ವಿನಿಂದ ಬಂದಿದೆ. ‘ಎಂಬುದರ ಬಗ್ಗೆ’ಗೆ ತೆಲುಗಿನಲ್ಲಿ ‘ಅನೇದಾನಿ ಗುರಿಂಚಿ’. ಕೀಲು ಒಂದೇ, ಜಾಗವೂ ಒಂದೇ. ದಖ್ಖನಿಯವರು ‘ಓ ನೈ ಆತಾ ಬೋಲ್ಕೆ’ ಎನ್ನುತ್ತಾರೆ. ‘ಬೋಲ್ಕೆ’ ಎಂದರೆ ‘ಹೇಳಿ’, ನಮ್ಮ ‘ಅಂತ’. ದ್ರಾವಿಡ ಭಾಷೆಗಳ ನೆರೆಯಲ್ಲಿ ಬಾಳಿ ದಖ್ಖನಿ ಪಡೆದುಕೊಂಡ ರೂಢಿ ಇದು. ಅದೇ ಮಕ್ಕಳಿಗೆ ಉರ್ದು ಪಾಠದಲ್ಲಿ ‘ಇಸ್ ಬಾತ್ ಪರ್ ಕಿ’ ಎಂಬ ರಚನೆಯೂ ಸಿಗುತ್ತದೆ. ‘ಈ ಮಾತಿನ ಮೇಲೆ, ಏನೆಂದರೆ’ ಎಂದು ಅರ್ಥ. ಇಂಗ್ಲಿಷಿನ ‘ಆನ್ ದ ಫ್ಯಾಕ್ಟ್ ದ್ಯಾಟ್’ಗೆ ಇದಕ್ಕಿಂತ ಹತ್ತಿರದ ಜೊತೆ ಸಿಗದು. ಎರಡನೆಯ ದಾರಿಯನ್ನು ಕಲಿಸುವಾಗ ಉರ್ದು ಬಲ್ಲ ಮಗುವನ್ನೇ ಹಲಗೆಯ ಹತ್ತಿರ ಕರೆಯಬೇಕು. ‘ಅವನು ಬರುತ್ತಾನೆ ಎಂಬುದರ ಬಗ್ಗೆ’ ಎಂಬುದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ತಾಂಡಾದ ಮಗುವನ್ನು ಕೇಳಿ, ಹೇಳಿದ್ದನ್ನು ಹಲಗೆಯ ಮೇಲೆ ಬರೆಯಬೇಕು. ಆ ದಿನ ಆ ಮಗುವೇ ಶಿಕ್ಷಕ.

ಇದು ನನ್ನ ಹೊಸ ಆವಿಷ್ಕಾರವಲ್ಲ. ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವಾಗಿ ಕಾಣಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಅದನ್ನು ನಾವು ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತೇವೆ, ಪ್ರಶಿಕ್ಷಣಾರ್ಥಿಗಳು ಚೆನ್ನಾಗಿಯೇ ಬರೆಯುತ್ತಾರೆ. ಅದೇ ಪ್ರಶಿಕ್ಷಣಾರ್ಥಿ ಮರುದಿನ ಇಂಗ್ಲಿಷ್ ಪಾಠದಲ್ಲಿ ಒಂದು ಕನ್ನಡ ವಾಕ್ಯ ಆಡಿದರೆ ಅಂಕ ಕಡಿಯುತ್ತೇವೆ. ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಸೇಡಂ ತಾಲ್ಲೂಕಿನ ಮಳಖೇಡದ್ದು. ಒಂಬತ್ತನೆಯ ಶತಮಾನದ ಆ ಗ್ರಂಥವೇ ಕನ್ನಡದ ಒಳಗಿನ ಬಗೆಬಗೆಯ ನುಡಿಗಳನ್ನು ಗುರುತಿಸಿತ್ತು. ಆ ನೆಲದ ತರಗತಿಯಲ್ಲಿ ‘ಅನ್ನೂದರ’ ಎಂಬ ಮಾತಿಗೆ ಜಾಗ ಇಲ್ಲವೆಂದರೆ ಅದು ನಮಗೆ ಶೋಭೆಯಲ್ಲ.

ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷ್ ಕಿವಿಗೆ ಬೀಳಲೇಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸಿಮೆಂಟ್ ಕಾರ್ಖಾನೆಯ, ಕಲ್ಲುಗಣಿಯ ಕೂಲಿಕಾರರ ಮಕ್ಕಳಿಗೆ ಇಂಗ್ಲಿಷ್ ಕೇಳಲು ಸಿಗುವ ಜಾಗ ಅದೊಂದೇ ಇರಬಹುದು. ಪಾಠವನ್ನೆಲ್ಲ ಕನ್ನಡಕ್ಕೆ ತರ್ಜುಮೆ ಮಾಡಿ ಮುಗಿಸುವ ರೂಢಿಯನ್ನೂ ನೋಡಿದ್ದೇನೆ, ಅದರಿಂದ ಮಕ್ಕಳಿಗೆ ನಷ್ಟವೇ. ನಾನು ಕೇಳುತ್ತಿರುವುದು ಮೂವತ್ತೈದು ನಿಮಿಷ ಕನ್ನಡವಲ್ಲ. ಎರಡು ಭಾಷೆಗಳ ಕೀಲು ಹೊಂದದ ಕಡೆ, ಮಗು ‘ಯಾಕೆ’ ಎಂದು ಕೇಳಿದ ಕಡೆ, ಐದೋ ಹತ್ತೋ ನಿಮಿಷ.

ಮೂರು ಸಲಹೆಗಳು

ಒಂದು, ವೀಕ್ಷಣಾ ಪುಸ್ತಕದ ‘ಮಾತೃಭಾಷೆಯ ಬಳಕೆ’ ಎಂಬ ಅಂಕಣವನ್ನು ಬದಲಾಯಿಸೋಣ. ‘ಮಾತೃಭಾಷೆಯನ್ನು ಎಲ್ಲಿ, ಯಾವ ಉದ್ದೇಶಕ್ಕೆ ಬಳಸಿದರು’ ಎಂದು ಕೇಳೋಣ. ಅದರ ಪಕ್ಕದಲ್ಲಿ ‘ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ, ಕೊಟ್ಟ ಉತ್ತರ’ ಎಂದು ಹೊಸ ಅಂಕಣ ಸೇರಿಸೋಣ. ಪ್ರಶ್ನೆಯೇ ಬರಲಿಲ್ಲವಾದರೆ ಅದನ್ನೂ ಬರೆಯೋಣ.

ಎರಡು, ವ್ಯಾಕರಣದ ಪಾಠ ಯೋಜನೆಯಲ್ಲಿ ಅರ್ಧ ಪುಟ ಹೋಲಿಕೆಗೆ ಇರಲಿ. ಇದೇ ಅರ್ಥವನ್ನು ಕನ್ನಡ ಹೇಗೆ ಹೇಳುತ್ತದೆ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ, ಮಗು ಯಾವ ತಪ್ಪು ಮಾಡೀತು. ಈ ಅರ್ಧ ಪುಟ ಬರೆದ ಪ್ರಶಿಕ್ಷಣಾರ್ಥಿಗೆ ತರಗತಿಯಲ್ಲಿ ಹಿಂದಿನ ಬೆಂಚಿನ ಕಡೆ ನೋಡುವ ಪ್ರಮೇಯ ಬರುವುದಿಲ್ಲ.

ಮೂರು, ‘ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ’ ಎಂದ ಪ್ರಶಿಕ್ಷಣಾರ್ಥಿಗೆ ಅಂಕ ಕಡಿಯಬಾರದು. ‘ಅದು ರೂಲ್’ ಎಂದವರಿಗಿಂತ ಅವರೇ ಒಳ್ಳೆಯ ಶಿಕ್ಷಕರು.

ಅಂದಿನ ಪ್ರಶಿಕ್ಷಣಾರ್ಥಿಗೆ ನಾನು ಆಮೇಲೆ ಈ ಮೂರು ದಾರಿಗಳನ್ನು ತೋರಿಸಿದೆ. ಅವರು ಸುಮ್ಮನೆ ಕೇಳಿ, “ಸರ್, ಅವತ್ತೇ ಕನ್ನಡದಾಗ ಹೇಳಬಹುದಿತ್ತು ಅಂದ್ರ ಏನಾದ್ರೂ ಪ್ರಯತ್ನ ಮಾಡ್ತಿದ್ದೆ” ಎಂದರು. ಮತ್ತೆ ಆ ಶಾಲೆಗೆ ಹೋಗುವಷ್ಟರಲ್ಲಿ ಹುಡುಗಿಯ ತಂಡ ಪರೀಕ್ಷೆ ಮುಗಿಸಿ ಹೊರಗೆ ಹೋಗಿತ್ತು. ಉತ್ತರ ಅವಳಿಗೆ ತಲುಪಲಿಲ್ಲ. ಮುಂದಿನ ಸಲ ಯಾವ ಮಗು ಎದ್ದು ನಿಂತು ‘ಯಾಕ್ರಿ?’ ಎಂದು ಕೇಳುತ್ತದೋ ಆ ಮಗುವಿಗಾದರೂ ಅದು ತಲುಪಲಿ.